ಸಾರ್ವಕಾಲಿಕ ಶ್ರೇಷ್ಠ ನಿರ್ದೇಶಕ ಯಾರು? - ಒಂದು ಪ್ರಶ್ನೆಯ ಎಪ್ಪತ್ತು ವರ್ಷಗಳು



ಕೆಲವು ವರ್ಷಗಳ ಹಿಂದೆ ನಮ್ಮ ಸ್ಟುಡಿಯೋದಲ್ಲಿ ಕಾಲೇಜು ವಿದ್ಯಾರ್ಥಿಗಳ ಚರ್ಚಾಕೂಟವೊಂದರ ತಾಲೀಮು ನಡೆದಿತ್ತು. ವಿಷಯ: ಜಗತ್ತಿನ ಸಾರ್ವಕಾಲಿಕ ಶ್ರೇಷ್ಠ ಚಲನಚಿತ್ರ ನಿರ್ದೇಶಕ ಯಾರು? ನಾಲ್ವರು ಮಾತುಗಾರರಿದ್ದರು. ಒಬ್ಬ ಆಲ್ಫ್ರೆಡ್ ಹಿಚ್‌ಕಾಕ್‌ನ ಪಕ್ಷ, ಒಬ್ಬಳು ಸತ್ಯಜಿತ್ ರಾಯ್ ಅವರ ಪಕ್ಷ, ಮೂರನೆಯವನು ಅಕಿರಾ ಕುರೊಸಾವನ ಕಡೆ, ನಾಲ್ಕನೆಯವನು ಆರ್ಸನ್ ವೆಲ್ಸ್‌ನ ಕಡೆ. ಮಾತು ಸೊಗಸಾಗಿಯೇ ಸಾಗಿತ್ತು. ದನಿ ಏರಿತು, ಮೇಜು ಗುದ್ದಿದ್ದೂ ಆಯಿತು. ಟೆಲಿವಿಷನ್ ನಿರ್ಮಾಪಕನಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಆಗ ಪ್ರೇಕ್ಷಕರ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಒಂದು ಅನುಮಾನ. ಇವರು ನಾಲ್ಕೂ ಜನ, ತಮ್ಮವರನ್ನು ಬಿಟ್ಟು ಉಳಿದ ಮೂವರ ಚಿತ್ರ ನೋಡಿದ್ದಾರಾ?" ಎಂದಳು. ಸ್ಟುಡಿಯೋ ನಿಶ್ಶಬ್ದವಾಯಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಕುರೊಸಾವನ ವಕೀಲ ರಾಯ್ ಅವರ ಒಂದು ಚಿತ್ರವನ್ನೂ ನೋಡಿರಲಿಲ್ಲ, ವೆಲ್ಸ್‌ನ ವಕೀಲ ವೆಲ್ಸ್‌ನ ಚಿತ್ರವನ್ನೇ ನೋಡಿರಲಿಲ್ಲ, ಅದು ಎಲ್ಲ ಪಟ್ಟಿಗಳಲ್ಲೂ ಮೊದಲು ಇರುತ್ತದೆಂದು ಓದಿದ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಕೈಯಲ್ಲಿದ್ದ ಟಿಪ್ಪಣಿಯಲ್ಲಿ ಹನ್ನೆರಡು ನಿರ್ದೇಶಕರ ಹೆಸರಿತ್ತು, ಅದನ್ನು ಬರೆದವನು ನಾನೇ. ಅವರಲ್ಲಿ ನಾಲ್ವರ ಒಂದೂ ಚಿತ್ರವನ್ನು ನಾನು ನೋಡಿರಲಿಲ್ಲ. ಇದನ್ನು ಆ ದಿನ ಯಾರಿಗೂ ಹೇಳಲಿಲ್ಲ.

ನಾನು ಬಿ.ಎಸ್ಸಿ. ಓದಿದವನು. ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟ ದಿನವೇ ನಮ್ಮ ಮೇಷ್ಟ್ರು ಕಲಿಸಿದ ಮೊದಲ ಪಾಠ, ಅಳೆಯುವ ಮೊದಲು ಉಪಕರಣದ ಶೂನ್ಯ ದೋಷವನ್ನು ನೋಡಿಕೊಳ್ಳಬೇಕು ಎಂಬುದು. ಉಪಕರಣವೇ ತಪ್ಪು ತೋರಿಸುತ್ತಿದ್ದರೆ ನೀವೆಷ್ಟು ಶ್ರದ್ಧೆಯಿಂದ ಅಳೆದರೂ ಉತ್ತರ ತಪ್ಪೇ. "ಶ್ರೇಷ್ಠ ನಿರ್ದೇಶಕ ಯಾರು" ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಬದಲು, ಆ ಪ್ರಶ್ನೆಯನ್ನು ಅಳೆಯಲು ಜಗತ್ತು ಬಳಸಿದ ಉಪಕರಣವನ್ನು ಈ ಲೇಖನದಲ್ಲಿ ಸ್ವಲ್ಪ ಪರೀಕ್ಷಿಸೋಣ. ಅದಕ್ಕೂ ಒಂದು ಇತಿಹಾಸವಿದೆ.

ಮೊದಲ ಎಣಿಕೆ

1952ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ಚಿತ್ರೋತ್ಸವವೊಂದರ ಅಂಗವಾಗಿ ಜಗತ್ತಿನ ಹಲವು ನಿರ್ದೇಶಕರಿಗೆ ಅವರವರ ಮೆಚ್ಚಿನ ಹತ್ತು ಚಿತ್ರಗಳನ್ನು ಹೆಸರಿಸುವಂತೆ ಕೇಳಲಾಯಿತು. ಮೊದಲ ಸ್ಥಾನಕ್ಕೆ ಬಂದದ್ದು ರಷ್ಯದ ಸೆರ್ಗೈ ಐಸೆನ್‌ಸ್ಟೀನ್ 1925ರಲ್ಲಿ ತೆಗೆದ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್'. ಇದನ್ನು ಕಂಡ ಲಂಡನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಅದೇ ವರ್ಷ ಇದೇ ಪ್ರಶ್ನೆಯನ್ನು ವಿಮರ್ಶಕರಿಗೆ ಹಾಕಿತು. 85 ಮಂದಿಯನ್ನು ಕೇಳಿದರು, 63 ಮಂದಿ ಉತ್ತರಿಸಿದರು. ಈ ಸಲ ಮೊದಲು ಬಂದದ್ದು ಇಟಲಿಯ ವಿಟ್ಟೋರಿಯೊ ಡಿ ಸಿಕಾನ 'ಬೈಸಿಕಲ್ ಥೀವ್ಸ್'. ಆ ಚಿತ್ರ ತೆರೆಕಂಡು ಆಗ ಕೇವಲ ನಾಲ್ಕು ವರ್ಷವಾಗಿತ್ತು. 1958ರಲ್ಲಿ ಬ್ರಸೆಲ್ಸ್‌ನ ವಿಶ್ವ ವಸ್ತುಪ್ರದರ್ಶನದ ಸಂದರ್ಭದಲ್ಲಿ ಹಲವು ದೇಶಗಳ ಚಲನಚಿತ್ರ ಚರಿತ್ರಕಾರರನ್ನು ಕೇಳಿದಾಗ ಮತ್ತೆ 'ಪೊಟೆಮ್ಕಿನ್' ಮೊದಲು.

ಆರು ವರ್ಷದ ಅವಧಿಯಲ್ಲಿ ಮೂರು ಸಲ ಕೇಳಿದರು, ಮೂರು ಬಗೆಯ ಜನರನ್ನು ಕೇಳಿದರು, ಎರಡು ಉತ್ತರ ಬಂತು. ಚಿತ್ರಗಳು ಅವೇ. ಬದಲಾದದ್ದು ಉತ್ತರಿಸಿದವರು.

1952ರ ಮತಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 'ಬೈಸಿಕಲ್ ಥೀವ್ಸ್'ಗೆ 25 ಮತ. ಚಾರ್ಲಿ ಚಾಪ್ಲಿನ್‌ನ 'ಸಿಟಿ ಲೈಟ್ಸ್' ಮತ್ತು 'ಗೋಲ್ಡ್ ರಷ್' ಎರಡಕ್ಕೂ ತಲಾ 19 ಮತ, ಎರಡೂ ಜಂಟಿಯಾಗಿ ಎರಡನೆಯ ಸ್ಥಾನ. ಈಗ ಹೇಳಿ, ಆ ಪಟ್ಟಿಯ ಪ್ರಕಾರ ಶ್ರೇಷ್ಠ ನಿರ್ದೇಶಕ ಡಿ ಸಿಕಾನೋ, ಚಾಪ್ಲಿನ್ನನೋ? ಚಾಪ್ಲಿನ್‌ನ ಎರಡು ಚಿತ್ರಗಳ ಮತ ಕೂಡಿಸಿದರೆ 38 ಆಗುತ್ತದೆ. ಒಂದೇ ಒಂದು ಮಹಾಕೃತಿ ಕೊಟ್ಟವನಿಗೆ ಮತಗಳೆಲ್ಲ ಒಂದೇ ಕಡೆ ಬಂದು ಬೀಳುತ್ತವೆ. ಐದಾರು ಒಳ್ಳೆಯ ಚಿತ್ರ ಕೊಟ್ಟವನ ಮತಗಳು ಚದುರಿ ಹೋಗುತ್ತವೆ. "ಶ್ರೇಷ್ಠ ಚಿತ್ರ" ಎಂಬ ಪ್ರಶ್ನೆ ಬೇರೆ, "ಶ್ರೇಷ್ಠ ನಿರ್ದೇಶಕ" ಎಂಬ ಪ್ರಶ್ನೆ ಬೇರೆ. ನಮ್ಮ ಚರ್ಚಾಕೂಟಗಳಲ್ಲಿ ಬಹಳ ಸಲ ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿಬಿಡುತ್ತೇವೆ.

ಸೋತ ಚಿತ್ರದ ಪಟ್ಟಾಭಿಷೇಕ

'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಇದೇ ಪ್ರಶ್ನೆಯನ್ನು ಕೇಳುತ್ತ ಬಂತು. 1962ರಲ್ಲಿ ಹೊಸ ಹೆಸರೊಂದು ಮೇಲೆ ಬಂತು: ವೆಲ್ಸ್‌ನ 'ಸಿಟಿಜನ್ ಕೇನ್'. ಹಿಂದಿನ ಪಟ್ಟಿಯ ಮೊದಲ ಹತ್ತರಲ್ಲಿ ಈ ಚಿತ್ರ ಇರಲೇ ಇಲ್ಲ. ಅಲ್ಲಿಂದ 1972, 1982, 1992, 2002 - ಐದು ಎಣಿಕೆಗಳಲ್ಲೂ ಅದೇ ಮೊದಲು. ಎರಡು ತಲೆಮಾರಿನ ವಿದ್ಯಾರ್ಥಿಗಳು "ಜಗತ್ತಿನ ಅತ್ಯುತ್ತಮ ಚಿತ್ರ ಸಿಟಿಜನ್ ಕೇನ್" ಎಂದು ಪುಸ್ತಕಗಳಲ್ಲಿ ಓದಿದ್ದು ಹೀಗೆ.

1941ರಲ್ಲಿ ತೆರೆಗೆ ಬಂದ ಈ ಚಿತ್ರ 1952ರಲ್ಲಿ ಏಕೆ ಕಾಣಲಿಲ್ಲ? ವೆಲ್ಸ್ ಅದನ್ನು ತೆಗೆದಾಗ ಅವನಿಗೆ ಇಪ್ಪತ್ತೈದು ವರ್ಷ. ಚಿತ್ರದ ನಾಯಕನಲ್ಲಿ ಪತ್ರಿಕೋದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ಛಾಯೆ ಇತ್ತು. ಹರ್ಸ್ಟ್‌ನ ಪತ್ರಿಕೆಗಳು ಚಿತ್ರದ ಜಾಹೀರಾತನ್ನೂ ಹಾಕಲಿಲ್ಲ. ಒಂಬತ್ತು ಆಸ್ಕರ್‌ಗೆ ನಾಮಕರಣವಾದ ಚಿತ್ರಕ್ಕೆ ಸಿಕ್ಕಿದ್ದು ಚಿತ್ರಕಥೆಯ ಒಂದು ಪ್ರಶಸ್ತಿ ಮಾತ್ರ. ಹಣವೂ ಬರಲಿಲ್ಲ. ಎರಡನೆಯ ಮಹಾಯುದ್ಧದ ಕಾರಣ ಫ್ರಾನ್ಸಿನ ಜನ ಅದನ್ನು ಕಂಡದ್ದೇ 1946ರಲ್ಲಿ. ಅಲ್ಲಿ ಆಂದ್ರೆ ಬಾಜಾನ್‌ನಂಥ ವಿಮರ್ಶಕರು ಅದರ ಬಗ್ಗೆ ಗಂಭೀರವಾಗಿ ಬರೆದರು. 1956ರಲ್ಲಿ ಅಮೆರಿಕದಲ್ಲಿ ಚಿತ್ರ ಮತ್ತೆ ಬಿಡುಗಡೆಯಾಯಿತು, ಸುಮಾರು ಅದೇ ಹೊತ್ತಿಗೆ ಟೆಲಿವಿಷನ್ನಿಗೂ ಬಂತು. ಅಂದರೆ ಸೋತು ಮೂಲೆ ಸೇರಿದ್ದ ಚಿತ್ರವನ್ನು ಹೊಸ ತಲೆಮಾರು ಮೊದಲ ಸಲ ನೋಡುವ ಅವಕಾಶ ಸಿಕ್ಕ ಮೇಲೆ ಅದು ಪಟ್ಟಿಗೆ ಏರಿತು.

ಇನ್ನೊಂದು ಸಂಗತಿ. 1962ರಲ್ಲಿ ಮತ ಹಾಕಿದವರು 70 ಮಂದಿ. 'ಸಿಟಿಜನ್ ಕೇನ್'ಗೆ 22 ಮತ, ಎರಡನೆಯ ಸ್ಥಾನದ ಇಟಲಿಯ 'ಲಾವೆಂತೂರಾ'ಕ್ಕೆ 20. ಎರಡೇ ಮತ! ಇಬ್ಬರು ವಿಮರ್ಶಕರು ಆ ದಿನ ಬೇರೆ ರೀತಿ ಯೋಚಿಸಿದ್ದರೆ ಫಲಿತಾಂಶ ಸಮಸಮ ಆಗಬಹುದಿತ್ತು. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಇಂಥ ಅಂತರ ಬಂದರೆ ನಮ್ಮ ಮೇಷ್ಟ್ರು "ಇದು ದೋಷದ ಮಿತಿಯೊಳಗೇ ಇದೆ, ಮತ್ತೆ ಅಳೆಯಿರಿ" ಎನ್ನುತ್ತಿದ್ದರು.

ಯಾರಿಗೆ ಯಾವುದು ಕಂಡಿತು?

ಇಲ್ಲಿಗೆ ನಾವು ಮುಖ್ಯ ವಿಷಯಕ್ಕೆ ಬಂದೆವು. ಒಬ್ಬ ನಿರ್ದೇಶಕ ದೊಡ್ಡವನೆಂದು ಯಾರಾದರೂ ಹೇಳಬೇಕಾದರೆ ಮೊದಲು ಅವನ ಚಿತ್ರ ಆ ಮನುಷ್ಯನ ಕಣ್ಣಿಗೆ ಬೀಳಬೇಕು. ಪುಸ್ತಕವಾದರೆ ಅಂಚೆಯಲ್ಲಿ ತರಿಸಬಹುದು. ಆ ಕಾಲದ ಚಲನಚಿತ್ರ ಹಾಗಲ್ಲ. ಭಾರವಾದ ಡಬ್ಬಿಗಳಲ್ಲಿ ರೀಲು ಬರಬೇಕು, ಸುಂಕದ ಕಟ್ಟೆ ದಾಟಬೇಕು, ಸೆನ್ಸಾರ್ ಒಪ್ಪಬೇಕು, ಉಪಶೀರ್ಷಿಕೆ ಇರಬೇಕು, ಪ್ರೊಜೆಕ್ಟರ್ ಬೇಕು, ಒಂದು ಕತ್ತಲೆಯ ಹಜಾರ ಬೇಕು. 'ಪೊಟೆಮ್ಕಿನ್' ಚಿತ್ರದ ಸಾರ್ವಜನಿಕ ಪ್ರದರ್ಶನಕ್ಕೆ ಬ್ರಿಟನ್ನಿನಲ್ಲಿ 1954ರವರೆಗೆ ಅನುಮತಿ ಇರಲಿಲ್ಲ. ಅಲ್ಲಿನವರು ಅದನ್ನು ನೋಡಿದ್ದು ಫಿಲ್ಮ್ ಸೊಸೈಟಿಯ ಸದಸ್ಯರಾಗಿ.

ಜಪಾನಿನ ಉದಾಹರಣೆ ನೋಡಿ. 1951ರಲ್ಲಿ ಕುರೊಸಾವನ 'ರಾಶೋಮೋನ್' ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಗೆದ್ದಿತು. ಅದನ್ನು ಅಲ್ಲಿಗೆ ಕಳಿಸಲು ಅದರ ನಿರ್ಮಾಣ ಸಂಸ್ಥೆಗೇ ಮನಸ್ಸಿರಲಿಲ್ಲ. ಟೋಕಿಯೊದಲ್ಲಿದ್ದ ಜುಲಿಯಾನಾ ಸ್ತ್ರಾಮಿಜೋಲಿ ಎಂಬ ಇಟಲಿಯ ವಿದ್ವಾಂಸೆ ಅದನ್ನು ನೋಡಿ ಶಿಫಾರಸು ಮಾಡಿದ್ದರಿಂದ ಅದು ವೆನಿಸ್ ತಲುಪಿತು. ಆ ಒಂದು ಪ್ರಶಸ್ತಿಯಿಂದ ಕುರೊಸಾವ ಜಗತ್ತಿಗೆ ಪರಿಚಯವಾದ. ಅದೇ ಕಾಲದಲ್ಲಿ, ಅದೇ ದೇಶದಲ್ಲಿ ಯಾಸುಜಿರೊ ಓಜು ಎಂಬ ಇನ್ನೊಬ್ಬ ಮಹಾನ್ ನಿರ್ದೇಶಕನಿದ್ದ. ಮಕ್ಕಳನ್ನು ನೋಡಲು ಊರಿಂದ ಪಟ್ಟಣಕ್ಕೆ ಬರುವ ವೃದ್ಧ ದಂಪತಿಯ ಕಥೆ 'ಟೋಕಿಯೊ ಸ್ಟೋರಿ' ಅವನದು, 1953ರ ಚಿತ್ರ. ಇಷ್ಟು ಜಪಾನೀ ಆದ ಚಿತ್ರ ಹೊರಗಿನವರಿಗೆ ಅರ್ಥವಾಗದೆಂದು ಭಾವಿಸಿ ಓಜುವಿನ ಚಿತ್ರಗಳನ್ನು ಬಹುಕಾಲ ಹೊರದೇಶಕ್ಕೆ ಅಷ್ಟಾಗಿ ಕಳಿಸಲೇ ಇಲ್ಲ. 'ಟೋಕಿಯೊ ಸ್ಟೋರಿ' ನ್ಯೂಯಾರ್ಕಿನ ಚಿತ್ರಮಂದಿರದಲ್ಲಿ ಬಿಡುಗಡೆಯಾದದ್ದು 1972ರಲ್ಲಿ. ಓಜು 1963ರಲ್ಲೇ ತೀರಿಕೊಂಡಿದ್ದ. ವಿಮರ್ಶಕರ ಪಟ್ಟಿಯ ಮೊದಲ ಹತ್ತಕ್ಕೆ ಆ ಚಿತ್ರ ಬಂದದ್ದು 1992ರಲ್ಲಿ, ಮೂರನೆಯ ಸ್ಥಾನಕ್ಕೆ. 2012ರಲ್ಲಿ ಜಗತ್ತಿನ 358 ನಿರ್ದೇಶಕರು ಮತ ಹಾಕಿದಾಗ ಮೊದಲ ಸ್ಥಾನ ಅದಕ್ಕೇ. 1952ರಿಂದ 1982ರವರೆಗೆ ಓಜು ಚಿಕ್ಕ ನಿರ್ದೇಶಕನಾಗಿದ್ದನೇ? ಇಲ್ಲ. ಅವನ ರೀಲಿನ ಡಬ್ಬಿಗಳು ಪ್ರಯಾಣ ಮಾಡಿರಲಿಲ್ಲ ಅಷ್ಟೆ.

ನಮ್ಮ ಸತ್ಯಜಿತ್ ರಾಯ್ ಅವರ ಕಥೆಯೂ ಇದೇ ಸಂಗತಿಯನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. 1947ರಲ್ಲಿ ಅವರು ಗೆಳೆಯರೊಡನೆ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಅದು ತೋರಿಸಿದ ಮೊದಲ ಚಿತ್ರಗಳಲ್ಲಿ 'ಪೊಟೆಮ್ಕಿನ್' ಒಂದು. 1950ರಲ್ಲಿ ಜಾಹೀರಾತು ಕಂಪನಿಯ ಕೆಲಸದ ಮೇಲೆ ಲಂಡನ್ನಿಗೆ ಹೋದಾಗ ಕೆಲವೇ ತಿಂಗಳಲ್ಲಿ ಸುಮಾರು ನೂರು ಚಿತ್ರ ನೋಡಿದರು. ಅವುಗಳಲ್ಲಿ 'ಬೈಸಿಕಲ್ ಥೀವ್ಸ್' ಕೂಡ ಇತ್ತು. ಸ್ಟುಡಿಯೋದ ಆಡಂಬರವಿಲ್ಲದೆ, ವೃತ್ತಿಪರ ನಟರಿಲ್ಲದೆ ಚಿತ್ರ ಮಾಡಬಹುದೆಂಬ ಧೈರ್ಯ ಅವರಿಗೆ ಅಲ್ಲಿ ಗಟ್ಟಿಯಾಯಿತು. 'ಪಥೇರ್ ಪಾಂಚಾಲಿ' ಅರ್ಧಕ್ಕೆ ನಿಂತಾಗ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟಿತು. 1955ರಲ್ಲಿ ಚಿತ್ರ ಮುಗಿಯಿತು. ಮರುವರ್ಷ ಕಾನ್ ಉತ್ಸವದಲ್ಲಿ ಅದರ ಮೊದಲ ಪ್ರದರ್ಶನಕ್ಕೆ ಬಂದ ವಿಮರ್ಶಕರು ಕೆಲವೇ ಮಂದಿ. ಅದನ್ನು ಕಂಡವರು ಪಟ್ಟು ಹಿಡಿದು ಮತ್ತೊಂದು ಪ್ರದರ್ಶನ ಏರ್ಪಡಿಸಿದರು, ಆ ಮೇಲೆ ಪ್ರಶಸ್ತಿ ಬಂತು. ಆ ಎರಡನೆಯ ಪ್ರದರ್ಶನ ನಡೆಯದೇ ಇದ್ದಿದ್ದರೆ? 1992ರಲ್ಲಿ 'ಸೈಟ್ ಅಂಡ್ ಸೌಂಡ್' ವಿಮರ್ಶಕರ ಮತದಂತೆ ರಾಯ್ ಜಗತ್ತಿನ ನಿರ್ದೇಶಕರಲ್ಲಿ ಏಳನೆಯವರು, ಏಷ್ಯಾದವರಲ್ಲಿ ಮೊದಲನೆಯವರು. ಅದೇ ವರ್ಷ ಏಪ್ರಿಲ್ 23ರಂದು ಅವರು ತೀರಿಕೊಂಡರು.

ಬೆಂಕಿ, ರಾಸಾಯನಿಕ ಮತ್ತು ಮರೆವು

ಕಣ್ಣಿಗೆ ಬೀಳುವ ಮಾತು ಇರಲಿ, ಎಷ್ಟೋ ಚಿತ್ರಗಳು ಉಳಿದೇ ಇಲ್ಲ. 1950ರ ಸುಮಾರಿನವರೆಗೆ ವೃತ್ತಿಪರ ಚಿತ್ರಗಳನ್ನು ನೈಟ್ರೇಟ್ ಫಿಲ್ಮ್ ಮೇಲೆ ತೆಗೆಯುತ್ತಿದ್ದರು. ಸೆಲ್ಯುಲೋಸ್ ನೈಟ್ರೇಟ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಒಮ್ಮೆ ಹೊತ್ತಿದರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುತ್ತದೆ, ನೀರು ಸುರಿದರೂ ಆರದು. ಹೊತ್ತದಿದ್ದರೂ ನಿಧಾನವಾಗಿ ಕೊಳೆತು ಮೊದಲು ಅಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. ಸಾಲದ್ದಕ್ಕೆ, ಫಿಲ್ಮಿನಲ್ಲಿರುವ ಬೆಳ್ಳಿಗಾಗಿ ಹಳೆಯ ರೀಲುಗಳನ್ನು ಕರಗಿಸುವ ವ್ಯಾಪಾರವೂ ಇತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದ ಸುಮಾರು 11,000 ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲರೂಪದಲ್ಲೇ ಪೂರ್ತಿಯಾಗಿ ಉಳಿದಿರುವುದು ನೂರಕ್ಕೆ 14 ಮಾತ್ರ. ನೂರಕ್ಕೆ 70ರಷ್ಟು ಸಂಪೂರ್ಣ ನಾಶ.

ನಮ್ಮ ದೇಶದಲ್ಲೂ ಇದೇ ಕಥೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದೇ 1964ರಲ್ಲಿ. ಅಷ್ಟರಲ್ಲಿ ಬಹಳ ಹೋಗಿಬಿಟ್ಟಿತ್ತು. 1931ರ ಮೊದಲ ಭಾರತೀಯ ವಾಕ್ಚಿತ್ರ 'ಆಲಂ ಆರಾ' ಇಲ್ಲ. 1934ರಲ್ಲಿ ತೆರೆಕಂಡ, ವೈ.ವಿ. ರಾವ್ ನಿರ್ದೇಶಿಸಿದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಕೂಡ ಇಲ್ಲ. ಆ ನಿರ್ದೇಶಕ ದೊಡ್ಡವನೋ ಸಾಧಾರಣನೋ ಎಂದು ವಾದಿಸುವ ಹಕ್ಕನ್ನೇ ನಾವು ಕಳೆದುಕೊಂಡಿದ್ದೇವೆ.

ಕೆಲವು ಸಲ ಅದೃಷ್ಟ ಕೈಹಿಡಿಯುತ್ತದೆ. ಡೆನ್ಮಾರ್ಕಿನ ಕಾರ್ಲ್ ಡ್ರೈಯರ್ 1928ರಲ್ಲಿ ತೆಗೆದ 'ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್'ನ ಮೂಲ ನೆಗೆಟಿವ್ ಬೆಂಕಿಗೆ ಆಹುತಿಯಾಗಿತ್ತು. 1981ರಲ್ಲಿ ನಾರ್ವೆಯ ಓಸ್ಲೋದ ಒಂದು ಮಾನಸಿಕ ಆಸ್ಪತ್ರೆಯ ಕಪಾಟಿನಲ್ಲಿ ಮೂಲ ಆವೃತ್ತಿಯ ಒಂದು ಪ್ರತಿ ಸಿಕ್ಕಿತು. ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಯಲ್ಲಿ ಸುಟ್ಟವು. ಸುಟ್ಟು ಉಳಿದ ಸುರುಳಿಗಳನ್ನು ಎಸೆಯದೆ ಕಾಪಾಡಿಟ್ಟಿದ್ದರಿಂದ, ಇಟಲಿಯ ಬೊಲೊನ್ಯಾದ ತಜ್ಞರು ಅವುಗಳನ್ನು ಹದಗೊಳಿಸಿ, ಬಿಡಿಸಿ, ಹಾಳಾದ ಕಡೆ ಬೇರೆ ಪ್ರತಿಗಳಿಂದ ತುಂಬಿ, 2015ರ ಹೊತ್ತಿಗೆ ಮೂರೂ ಚಿತ್ರಗಳನ್ನು ಮರಳಿ ತೆರೆಗೆ ತಂದರು. ಗಿರೀಶ್ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ಕೂಡ ಇದೇ ರೀತಿ ಪುನರುಜ್ಜೀವನಗೊಂಡು 2024ರ ವೆನಿಸ್ ಚಿತ್ರೋತ್ಸವದ ಹಳೆಯ ಮೇರುಕೃತಿಗಳ ವಿಭಾಗದಲ್ಲಿ ಪ್ರದರ್ಶನ ಕಂಡಿತು.

ಇಲ್ಲೊಂದು ಸುತ್ತು ಇದೆ, ಗಮನಿಸಿ. ಪಟ್ಟಿಯಲ್ಲಿ ಹೆಸರಿರುವ ಚಿತ್ರವನ್ನು ಉಳಿಸಲು ಹಣ ಬರುತ್ತದೆ. ಉಳಿದ ಚಿತ್ರವನ್ನು ಜನ ನೋಡುತ್ತಾರೆ. ನೋಡಿದ ಚಿತ್ರ ಮುಂದಿನ ಪಟ್ಟಿಯಲ್ಲಿ ಬರುತ್ತದೆ. ಪಟ್ಟಿಗೆ ಸೇರದ್ದು ಡಬ್ಬಿಯಲ್ಲೇ ಕೊಳೆಯುತ್ತದೆ. ಆದ್ದರಿಂದ ಶ್ರೇಷ್ಠರಾರು ಎಂಬ ಜಗಳ ಬರಿಯ ಹರಟೆಯಲ್ಲ. ನಾಳಿನವರಿಗೆ ಯಾವ ಚಿತ್ರ ಉಳಿಯಬೇಕು ಎಂಬುದನ್ನೂ ಅದು ಒಂದಿಷ್ಟು ನಿರ್ಧರಿಸುತ್ತದೆ.

ನಿರ್ದೇಶಕ ಎಂದರೆ ಯಾರು?

ಚಿತ್ರ ಉಳಿಯಿತು, ಕಂಡಿತು ಎಂದುಕೊಳ್ಳೋಣ. ಅದರ ಕೀರ್ತಿಯೆಲ್ಲ ನಿರ್ದೇಶಕನಿಗೇ ಏಕೆ ಸಲ್ಲಬೇಕು? ಈ ವಿಚಾರ ಬಲಗೊಂಡದ್ದು ಫ್ರಾನ್ಸಿನಲ್ಲಿ. 1954ರಲ್ಲಿ ಫ್ರಾಂಸ್ವಾ ತ್ರುಫೊ ಎಂಬ ಇಪ್ಪತ್ತೊಂದು ವರ್ಷದ ವಿಮರ್ಶಕ 'ಕಯ್ಯೆ ದು ಸಿನೆಮಾ' ಪತ್ರಿಕೆಯಲ್ಲಿ ಒಂದು ಕಟುವಾದ ಲೇಖನ ಬರೆದ. ಕಾದಂಬರಿಗೆ ಲೇಖಕನಿರುವಂತೆ ಚಿತ್ರಕ್ಕೂ ಒಬ್ಬ ಕರ್ತೃ ಇರಬೇಕು, ಅವನು ನಿರ್ದೇಶಕನೇ ಎಂಬ ಚಿಂತನೆ ಆ ಪತ್ರಿಕೆಯ ಬಳಗದಿಂದ ಹರಡಿತು. 1962ರಲ್ಲಿ ಆಂಡ್ರೂ ಸ್ಯಾರಿಸ್ ಅದನ್ನು ಅಮೆರಿಕಕ್ಕೆ ಒಯ್ದ. ಅದುವರೆಗೆ ಬರಿಯ ಮನರಂಜನೆಯ ನಿರ್ದೇಶಕನೆಂದು ಹಲವರು ಭಾವಿಸಿದ್ದ ಹಿಚ್‌ಕಾಕ್ ದೊಡ್ಡ ಕಲಾವಿದನೆಂದು ಕಾಣತೊಡಗಿದ್ದು ಈ ಹೊಸ ಕನ್ನಡಕದಿಂದ.

1971ರಲ್ಲಿ ಪಾಲಿನ್ ಕೇಲ್ ಎಂಬ ವಿಮರ್ಶಕಿ ಇದಕ್ಕೆ ಸವಾಲು ಹಾಕಿದಳು. 'ಸಿಟಿಜನ್ ಕೇನ್'ನ ಚಿತ್ರಕಥೆಯ ನಿಜವಾದ ಕರ್ತೃ ಹರ್ಮನ್ ಮ್ಯಾಂಕೀವಿಚ್, ವೆಲ್ಸ್ ಅಲ್ಲ ಎಂದು ದೀರ್ಘವಾಗಿ ವಾದಿಸಿದಳು. ಗದ್ದಲವಾಯಿತು. ಆದರೆ ಈ ಜಗಳ ಇತ್ಯರ್ಥಕ್ಕೆ ಹತ್ತಿರ ಬಂದದ್ದು ದನಿ ಏರಿಸಿದ್ದರಿಂದಲ್ಲ. ರಾಬರ್ಟ್ ಕ್ಯಾರಿಂಜರ್ ಎಂಬ ಪ್ರಾಧ್ಯಾಪಕ ಸ್ಟುಡಿಯೋದ ದಾಖಲೆಗಳಲ್ಲಿದ್ದ ಚಿತ್ರಕಥೆಯ ಕರಡುಗಳನ್ನು ಒಂದೊಂದಾಗಿ ಹೋಲಿಸಿ, ಮ್ಯಾಂಕೀವಿಚ್‌ನ ಪಾಲು ದೊಡ್ಡದು, ಆದರೆ ವೆಲ್ಸ್‌ನ ಪಾಲೂ ಗಣನೀಯ ಎಂದು 1978ರಲ್ಲಿ ತೋರಿಸಿದ. ಇನ್ನು ಆ ಚಿತ್ರದ ಹತ್ತಿರದ ಮುಖ, ದೂರದ ಕಿಟಕಿ ಎರಡೂ ಸ್ಪಷ್ಟವಾಗಿ ಕಾಣುವ ದೃಶ್ಯಗಳ ಹಿಂದೆ ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಇದ್ದ. ವೆಲ್ಸ್ ಅವನ ಹೆಸರನ್ನು ತನ್ನ ಹೆಸರಿನ ಜೊತೆ ಒಂದೇ ಫಲಕದಲ್ಲಿ ಹಾಕಿದ. ವೆಲ್ಸ್‌ಗೆ ಈ ಪ್ರಶ್ನೆಯ ಉತ್ತರ ತಿಳಿದಿತ್ತು ಎಂದೇ ನನಗನ್ನಿಸುತ್ತದೆ.

ಪಟ್ಟಿ ತಲೆಕೆಳಗಾದಾಗ

2002ರಲ್ಲಿ ಚಿತ್ರಗಳ ಮತಗಳನ್ನು ನಿರ್ದೇಶಕರ ಹೆಸರಿನಲ್ಲಿ ಕೂಡಿಸಿದಾಗ ವಿಮರ್ಶಕರ ಲೆಕ್ಕದಲ್ಲೂ ನಿರ್ದೇಶಕರ ಲೆಕ್ಕದಲ್ಲೂ ವೆಲ್ಸ್ ಮೊದಲು. ಹತ್ತೇ ವರ್ಷದಲ್ಲಿ ಅವನ ಚಿತ್ರ ಕೆಳಗಿಳಿಯಿತು. 2012ರಲ್ಲಿ 846 ಮಂದಿ ಮತ ಹಾಕಿದರು. ಹಿಚ್‌ಕಾಕ್‌ನ 1958ರ 'ವರ್ಟಿಗೊ'ಗೆ 191 ಮತ, 'ಸಿಟಿಜನ್ ಕೇನ್'ಗೆ 157. 'ವರ್ಟಿಗೊ' ಕೂಡ ಬಿಡುಗಡೆಯಾದಾಗ ಮಿಶ್ರ ಪ್ರತಿಕ್ರಿಯೆ ಪಡೆದ ಚಿತ್ರವೇ. ಹಲವು ವರ್ಷ ಅದು ಪ್ರದರ್ಶನಕ್ಕೇ ಸಿಗುತ್ತಿರಲಿಲ್ಲ. 1980ರ ದಶಕದ ಮಧ್ಯದಲ್ಲಿ ಮರಳಿ ಬಿಡುಗಡೆಯಾಯಿತು, 1996ರಲ್ಲಿ ಅದರ ಹೊಸ ಪ್ರತಿ ಸಿದ್ಧವಾಯಿತು.

2022ರಲ್ಲಿ ಮತದಾರರ ಸಂಖ್ಯೆ 1,639ಕ್ಕೆ ಏರಿತು. ಮೊದಲು ಬಂದದ್ದು ಬೆಲ್ಜಿಯಂನ ಶಾಂತಾಲ್ ಆಕರ್ಮನ್ 1975ರಲ್ಲಿ ತೆಗೆದ 'ಜಾನ್ ಡೀಲ್‌ಮನ್'. ಮೂರು ಗಂಟೆ ಇಪ್ಪತ್ತು ನಿಮಿಷದ ಚಿತ್ರ. ಒಬ್ಬ ವಿಧವೆಯ ಮೂರು ದಿನಗಳು: ಆಲೂಗಡ್ಡೆ ಸುಲಿಯುವುದು, ಹಾಸಿಗೆ ಸರಿಮಾಡುವುದು, ಪಾತ್ರೆ ತೊಳೆಯುವುದು, ಮತ್ತು ಆ ಶಿಸ್ತು ನಿಧಾನವಾಗಿ ಬಿರುಕು ಬಿಡುವುದು. ಚಿತ್ರ ತೆಗೆದಾಗ ಆಕರ್ಮನ್‌ಗೂ ವೆಲ್ಸ್‌ನಂತೆಯೇ ಇಪ್ಪತ್ತೈದರ ಆಸುಪಾಸು. ಎಪ್ಪತ್ತು ವರ್ಷಗಳಲ್ಲಿ ಮಹಿಳೆ ನಿರ್ದೇಶಿಸಿದ ಒಂದು ಚಿತ್ರವೂ ಮೊದಲ ಹತ್ತರಲ್ಲಿ ಬಂದಿರಲಿಲ್ಲ; ಈಗ ನೇರ ಮೊದಲ ಸ್ಥಾನ. ಅದನ್ನು ನೋಡಲು ಆಕರ್ಮನ್ ಇರಲಿಲ್ಲ, 2015ರಲ್ಲೇ ತೀರಿಕೊಂಡಿದ್ದಳು. ಹಲವರು ಸಂತೋಷಪಟ್ಟರು, ಹಲವರು ಸಿಟ್ಟಾದರು. ಅದೇ ವರ್ಷ 480 ನಿರ್ದೇಶಕರು ಬೇರೆಯಾಗಿ ಮತ ಹಾಕಿ ಸ್ಟ್ಯಾನ್ಲಿ ಕ್ಯೂಬ್ರಿಕ್‌ನ '2001: ಎ ಸ್ಪೇಸ್ ಒಡಿಸ್ಸಿ'ಯನ್ನು ಮೊದಲಿಟ್ಟರು. ವಿಮರ್ಶಕರ ಮೊದಲ ನೂರರಲ್ಲಿ ಭಾರತದ ಚಿತ್ರ ಒಂದೇ, 35ನೆಯ ಸ್ಥಾನದಲ್ಲಿ 'ಪಥೇರ್ ಪಾಂಚಾಲಿ'.

ಈಗ ಒಂದು ಚಿಕ್ಕ ಲೆಕ್ಕ. ಪ್ರತಿಯೊಬ್ಬರಿಗೂ ಹತ್ತು ಚಿತ್ರ ಹೆಸರಿಸುವ ಅವಕಾಶವಿದೆ. 1952ರಲ್ಲಿ ಗೆದ್ದ ಚಿತ್ರವನ್ನು ನೂರಕ್ಕೆ ಸುಮಾರು 40 ಮಂದಿ ಹೆಸರಿಸಿದ್ದರು. 1962ರಲ್ಲಿ ಸುಮಾರು 31. 2012ರಲ್ಲಿ ಸುಮಾರು 23. ಅಂದರೆ 'ವರ್ಟಿಗೊ' ಗೆದ್ದ ವರ್ಷ, ನಾಲ್ವರಲ್ಲಿ ಮೂವರು ಅದನ್ನು ತಮ್ಮ ಹತ್ತರೊಳಗೂ ಸೇರಿಸಿರಲಿಲ್ಲ! ಮತದಾರರು ಹೆಚ್ಚಿದಂತೆ, ನೋಡಲು ಸಿಗುವ ಚಿತ್ರಗಳು ಹೆಚ್ಚಿದಂತೆ ಒಮ್ಮತ ಕರಗುತ್ತ ಬಂದಿದೆ. ಹಳೆಯ ಪಟ್ಟಿಗಳ ಒಮ್ಮತಕ್ಕೆ ಒಂದು ಕಾರಣ, ಕೆಲವೇ ಜನ ಕೆಲವೇ ನಗರಗಳಲ್ಲಿ ಕುಳಿತು ಕೆಲವೇ ಚಿತ್ರಗಳನ್ನು ನೋಡಿದ್ದರು ಎಂಬುದೂ ಇರಬಹುದು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಬಳಗ ಚಿತ್ರಸಮಾಜ ಕಟ್ಟಿ, ಜಗತ್ತಿನ ಒಳ್ಳೆಯ ಚಿತ್ರಗಳನ್ನು ಹಳ್ಳಿಯ ಜನರ ಮುಂದೆ ತೋರಿಸಿತು. ಅಡಕೆ ತೋಟದ ಕೆಲಸ ಮುಗಿಸಿ ಬಂದು ಅವನ್ನು ನೋಡಿದ ಜನರನ್ನು ಯಾವ ಪಟ್ಟಿಯವರೂ ಕೇಳಲಿಲ್ಲ.

ಹಾಗಾದರೆ ವಾದ ಬೇಡವೇ?

ಖಂಡಿತ ಬೇಕು. ಉಪಕರಣದಲ್ಲಿ ದೋಷವಿದೆ ಎಂದು ಅಳತೆಯನ್ನೇ ಬಿಟ್ಟವರು ವಿಜ್ಞಾನಿಗಳಾಗುವುದಿಲ್ಲ. "ಅವರವರ ಭಾವಕ್ಕೆ ಬಿಟ್ಟದ್ದು" ಎಂದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದರಿಂದ ಯಾರಿಗೂ ಹೊಸದೊಂದು ಚಿತ್ರ ನೋಡುವ ಆಸೆ ಹುಟ್ಟುವುದಿಲ್ಲ. ವಾದಕ್ಕೆ ನಿಲ್ಲುವ ಮೊದಲು ಮೂರು ಪ್ರಶ್ನೆಗಳನ್ನು ನಿಮಗೇ ಕೇಳಿಕೊಳ್ಳಿ. ಒಂದು: ನಾನು ನೋಡಿರುವುದೇನು, ಬರಿದೆ ಕೇಳಿರುವುದೇನು? ಎರಡು: ನಾನು ಮೆಚ್ಚಿದ್ದು ನಿರ್ದೇಶಕನ ಕೆಲಸವನ್ನೋ, ಅಥವಾ ಬರಹಗಾರ, ಛಾಯಾಗ್ರಾಹಕ, ಸಂಕಲನಕಾರ, ನಟರ ಕೆಲಸವನ್ನೋ? ಮೂರು: ನನ್ನ ಪಟ್ಟಿಯಲ್ಲಿ ಇಲ್ಲದವರು ಯೋಗ್ಯತೆ ಇಲ್ಲದೆ ಹೊರಗುಳಿದರೋ, ನನಗೆ ಸಿಗದೆ ಹೊರಗುಳಿದರೋ?

ಇಷ್ಟೆಲ್ಲ ಹೇಳಿದ ಮೇಲೆ "ನಿಮ್ಮ ಉತ್ತರ ಯಾರು, ಸಾರ್?" ಎಂದು ನೀವು ಕೇಳುವಿರಿ. ನನ್ನ ಉತ್ತರ ರಾಯ್. ಆದರೆ ನನ್ನ ಶೂನ್ಯ ದೋಷವನ್ನೂ ಹೇಳಿಬಿಡಬೇಕು. ನಾನು ಹೈಸ್ಕೂಲಿನಲ್ಲಿದ್ದ ಕಾಲಕ್ಕೆ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬೇರೆ ಬೇರೆ ಭಾಷೆಗಳ ಚಿತ್ರಗಳು ಬರುತ್ತಿದ್ದವು. ಊಟವಾದ ಮೇಲೆ ಮನೆಯವರೆಲ್ಲ ಮಲಗಿರುತ್ತಿದ್ದರು. ಅಂಥ ಒಂದು ಮಧ್ಯಾಹ್ನ, ಭಾಷೆ ತಿಳಿಯದೆ, ಉಪಶೀರ್ಷಿಕೆಯನ್ನು ಅರ್ಧಂಬರ್ಧ ಓದುತ್ತ, ಎತ್ತರದ ಬಿಳಿ ಹೂವಿನ ಹುಲ್ಲಿನ ನಡುವೆ ಅಕ್ಕ-ತಮ್ಮ ಇಬ್ಬರು ರೈಲು ನೋಡಲು ಓಡುವುದನ್ನು ಕಂಡೆ. ಆ ಅಕ್ಕ ಸತ್ತಾಗ ಅತ್ತೆ, ಅಮ್ಮ ಎದ್ದು ಬಂದು ಏನಾಯಿತೆಂದು ಕೇಳಿದರು. ಆ ಹೊತ್ತಿಗೆ ಪರದೆಯ ಮೇಲೆ ಓಜುವಿನ ಚಿತ್ರ ಬಂದಿದ್ದರೆ ಇಂದು ನಾನು ಓಜುವಿನ ವಕೀಲನಾಗಿರುತ್ತಿದ್ದೆನೋ ಏನೋ. ಆ ನಾಲ್ವರು ನಿರ್ದೇಶಕರ ಚಿತ್ರಗಳನ್ನು ಆಮೇಲೆ ನೋಡಿದೆ. ಅವರಲ್ಲಿ ಓಜುವೂ ಒಬ್ಬ. ಉತ್ತರ ಬದಲಾಗಲಿಲ್ಲ, ಆದರೆ ಮೊದಲಿನಷ್ಟು ಜೋರಾಗಿ ಅದನ್ನು ಹೇಳುವುದಿಲ್ಲ.

ಚರ್ಚಾಕೂಟದ ಧ್ವನಿಮುದ್ರಣದ ದಿನ ಒಂದು ಹೊಸ ನಿಯಮ ಮಾಡಿದೆವು. ಪ್ರತಿಯೊಬ್ಬ ಮಾತುಗಾರನೂ ಮೊದಲು ತಾನು ನೋಡಿದ ಚಿತ್ರಗಳ ಹೆಸರು ಹೇಳಬೇಕು, ಆಮೇಲೆ ವಾದ. ನಡುವೆ ಸಿಕ್ಕ ಎರಡು ವಾರದಲ್ಲಿ ನಾಲ್ವರೂ ಒಬ್ಬರಿಗೊಬ್ಬರು ಚಿತ್ರಗಳನ್ನು ಒದಗಿಸಿಕೊಂಡು ನೋಡಿಬಂದಿದ್ದರು. ವೆಲ್ಸ್‌ನ ವಕೀಲ ಅಷ್ಟರಲ್ಲಿ ಪಕ್ಷ ಬದಲಿಸಿದ್ದ. ಪ್ರಶ್ನೆ ಕೇಳಿದ ಹುಡುಗಿಯನ್ನು ನಾವು ನಿರೂಪಕಿಯ ಕುರ್ಚಿಯಲ್ಲಿ ಕೂರಿಸಿದ್ದೆವು.